ಅಳತೆಗೆ ಸಿಗದ ಹೂಳು

ನಮ್ಮ ಪೇಟೆಯ ಚರಂಡಿಗಳನ್ನು ಹೊರಗಿನಿಂದ ಎಲ್ಲರೂ ನೋಡಿದ್ದಾರೆ, ಮೂಗು ಮುಚ್ಚಿಕೊಂಡು ದಾಟಿದ್ದಾರೆ. ಒಂದು ಬೇಸಿಗೆಯಲ್ಲಿ ನಾನು ಅವುಗಳನ್ನು ಒಳಗಿನಿಂದ ನೋಡಿದೆ. ಬ್ರಾಂದಿ ಬಾಟಲಿ, ಹೋಟೆಲಿನವರು ಸುರಿದ ಟೀ ಚರಟ, ಕಾಫಿ ಸಿಪ್ಪೆ, ಮಕ್ಕಳ ಒಂಟಿ ಚಪ್ಪಲಿ, ಎಲ್ಲದರ ಕೆಳಗೆ ಗುಡ್ಡದ ಮೇಲಿನಿಂದ ಕೊಚ್ಚಿಕೊಂಡು ಬಂದ ಕೆಂಪು ಮರಳುಮಣ್ಣು. ನಮ್ಮದು ಇಳಿಜಾರಿನ ಪೇಟೆ. ಮೇಲಿನ ಬೀದಿಯವರು ಎಸೆದದ್ದನ್ನು ಕೆಳಗಿನ ಬೀದಿಯವರು ಮಳೆಗಾಲದಲ್ಲಿ ಮನೆಯೊಳಗೆ ಬರಮಾಡಿಕೊಳ್ಳುತ್ತಾರೆ. ನಮ್ಮ ಮನೆ ಇದ್ದದ್ದು ಕೆಳಗಿನ ಬೀದಿಯಲ್ಲಿ.

ಆಗ ನನಗೆ ಮೂವತ್ತರ ಆಸುಪಾಸು. ಊರೂರಿಗೂ ಮಹಿಳಾ ಸಂಘಗಳು ಹುಟ್ಟುತ್ತಿದ್ದ ಕಾಲ. ನಮ್ಮ ಯಜಮಾನರು ಗೂಡ್ಸ್ ಟೆಂಪೋ ಓಡಿಸುತ್ತಿದ್ದರು. ಎಸ್ಟೇಟುಗಳಿಂದ ಕಾಫಿ, ಮೆಣಸು ತುಂಬಿಕೊಂಡು ಬಾಳ್ಳುಪೇಟೆಗೆ ಹೋಗುವುದು, ಬರುವಾಗ ಗೊಬ್ಬರದ ಚೀಲ ತರುವುದು. ನಾನು ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ನನ್ನ ಬಾಯಿ ಸ್ವಲ್ಪ ಜೋರು ಎಂದು ಅತ್ತೆ ಹೇಳುತ್ತಿದ್ದರು. ಸ್ವಲ್ಪ ಎಂದದ್ದು ಅವರ ದೊಡ್ಡತನ.

ಅಕ್ಕ ನನಗೆ ಪರಿಚಯವಾದದ್ದು ರವಿಕೆಯಿಂದ. ಸಂತೆಯ ದಿನ ಎಸ್ಟೇಟುಗಳಿಂದ ಬರುವ ಹೆಂಗಸರು ನನ್ನ ಹತ್ತಿರ ರವಿಕೆ ಹೊಲಿಸುತ್ತಿದ್ದರು. ಈಕೆ ಬಂದವಳೇ, ತೋಳು ಬಿಗಿಯಾಗಬಾರದು, ಗುದ್ದಲಿ ಎತ್ತಬೇಕು ಎಂದು ಅಪ್ಪಣೆ ಕೊಡಿಸಿದಳು. ಪಾಳ್ಯದ ಕಡೆಯ ಹಳ್ಳಿಯವಳು. ಮದುವೆಯಾಗಿ ಗಂಡನ ಜೊತೆ ಎಸ್ಟೇಟಿಗೆ ಬಂದು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದಿದ್ದಳು. ಹೆಣ್ಣಾಳುಗಳ ತಂಡಕ್ಕೆ ಅವಳೇ ಮುಂದಾಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಬೂಬವ್ವ ಎನ್ನುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ಪೇಟೆಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ, ಹಾಸ್ಟೆಲಿನಲ್ಲಿ ವಾಸ. ಓದಿನಲ್ಲಿ ಚುರುಕು. ಆದರೆ ರಜೆ ಬಂತೆಂದರೆ ಅಕ್ಕನಿಗೆ ಚಿಂತೆ. ಆಳುಗಳಿಗೆಂದು ಎಸ್ಟೇಟಿನಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ಇರುವವರಿಗೆ ಬಾಡಿಗೆ ಇಲ್ಲ, ಅದರ ಬದಲು ಮನೆಯಲ್ಲಿ ಕೆಲಸಕ್ಕೆ ಬರುವಂಥ ಕೈ ಎಷ್ಟಿವೆಯೋ ಅಷ್ಟೂ ತೋಟಕ್ಕೆ ಬರಬೇಕು ಎನ್ನುವುದು ರೂಢಿ. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಹುಡುಗಿ ರಜೆಗೆ ಲೈನಿಗೆ ಬಂದ ಮಾರನೇ ಬೆಳಿಗ್ಗೆಯೇ ರೈಟರ್ ಬಾಗಿಲಿಗೆ ಬರುತ್ತಿದ್ದ. ಆಳುಗಳ ಹಾಜರಿ, ಕೆಲಸ ಎಲ್ಲ ನೋಡಿಕೊಳ್ಳುವವನು ಅವನು. ದೊಡ್ಡವಳಾಗಿದ್ದಾಳಲ್ಲ, ಹಣ್ಣು ಕುಯ್ಯಲಿಕ್ಕೆ ಕಳಿಸು ಎನ್ನುತ್ತಿದ್ದ. ಹಿಂದಿನ ಸುಗ್ಗಿಯಲ್ಲಂತೂ ಪರೀಕ್ಷೆ ಹತ್ತಿರವಿದ್ದಾಗಲೇ ಹಾಸ್ಟೆಲಿನಿಂದ ಕರೆಸು ಎಂದು ಪಟ್ಟು ಹಿಡಿದಿದ್ದನಂತೆ.

"ನನ್ ಕೈ ಅವರ್ದು, ಸರಿ ಬುಡು. ನನ್ ಮಗಳ್ ಕೈನೂ ಅವರ್ದೇ ಅಂತ ಯಾರ್ ಬರ್ಕೊಟ್ರು ಬೂಬವ್ವ?" ಎಂದಳು ಒಂದು ದಿನ, ನಾನು ಅವಳ ರವಿಕೆಗೆ ಗುಂಡಿ ಹಾಕುತ್ತಿದ್ದಾಗ.

ಲೈನ್ ಬಿಟ್ಟು ಪೇಟೆಯಲ್ಲಿ ಒಂದು ಕೋಣೆ ಹಿಡಿಯಬೇಕು. ಯಾವ ರೈಟರೂ ಬಂದು ಕದ ತಟ್ಟಬಾರದು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಮುಂದಕ್ಕೂ ಓದಬೇಕು. ಅಕ್ಕನಿಗೆ ಬೇಕಿದ್ದದ್ದು ಇಷ್ಟೇ. ಆದರೆ ಎಸ್ಟೇಟಿನ ಹೊರಗೆ ವರ್ಷಪೂರ್ತಿ ಕೆಲಸ ಎಲ್ಲಿದೆ ಎಂಬುದೇ ಪ್ರಶ್ನೆ.

ನಾವೂ ಒಂದು ಮಹಿಳಾ ಸಂಘ ಕಟ್ಟಿಕೊಂಡಿದ್ದೆವು, ಅದರಲ್ಲಿ ಲೈನಿನ ಹೆಂಗಸರೂ ನಮ್ಮ ಓಣಿಯ ಹೆಂಗಸರೂ ಇದ್ದರು. ಅಕ್ಕ ಅಧ್ಯಕ್ಷೆ, ಬರೆಯಲು ಬರುತ್ತಿದ್ದುದರಿಂದ ನಾನು ಕಾರ್ಯದರ್ಶಿ. ಆ ವರ್ಷ ಬೇಸಿಗೆಯ ನಡುವೆ ಪುರಸಭೆಯಿಂದ ಹೇಳಿ ಕಳಿಸಿದರು. ಚಿಕ್ಕಪುಟ್ಟ ಕಾಮಗಾರಿಗಳನ್ನು ಮಹಿಳೆಯರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಕೊಡಬೇಕೆಂದು ಮೇಲಿನಿಂದ ಬಂದಿದೆಯಂತೆ. ಮಳೆಗಾಲಕ್ಕೆ ಮುಂಚೆ ಎರಡು ವಾರ್ಡಿನ ಚರಂಡಿ ಹೂಳು ತೆಗೆಯುವ ತುಂಡು ಗುತ್ತಿಗೆ ಇದೆ, ಮಾಡುತ್ತೀರಾ, ಚೆನ್ನಾಗಿ ಮುಗಿಸಿದರೆ ಮುಂದೆಯೂ ಇಂಥ ಕೆಲಸ ಸಿಗುತ್ತಿರುತ್ತದೆ ಎಂದರು. ನಮ್ಮ ಸಂಘದಲ್ಲಿ ಹೆಂಗಸರು, ಕೂಲಿಯವರು, ಮುಸ್ಲಿಮರು ಎಲ್ಲ ಒಟ್ಟಿಗೇ ಸಿಕ್ಕಿದ್ದರಿಂದ ಮುಖ್ಯಾಧಿಕಾರಿಗಳ ಮುಖ ಅರಳಿತ್ತು. ಒಂದೇ ಕಲ್ಲಿಗೆ ಮೂರು ಹಣ್ಣು ಉದುರಿದ ಹಾಗೆ.

ಮನೆಯಲ್ಲಿ ಅತ್ತೆ ಎರಡು ದಿನ ಮಾತು ಬಿಟ್ಟರು. ಗಟಾರ ಎತ್ತುವ ಮನೆಗೆ ನಾಳೆ ಯಾರು ಸಂಬಂಧ ಬೆಳೆಸುತ್ತಾರೆ ಎಂಬುದು ಅವರ ಚಿಂತೆ. ಯಜಮಾನರು ಮಾತ್ರ, ಮಣ್ಣು ಸಾಗಿಸಲು ಟೆಂಪೋ ಬೇಕಾದರೆ ಹೇಳು, ಡೀಸೆಲ್ ಖರ್ಚು ಕೊಟ್ಟರೆ ಸಾಕು ಎಂದರು. ಅವರು ನನಗೆ ಹೇಳಿದ ಒಳ್ಳೆಯ ಮಾತುಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ.

ಆ ಕೆಲಸವನ್ನು ವರ್ಷಾನುಗಟ್ಟಲೆ ಮಾಡಿಸಿಕೊಂಡು ಬಂದಿದ್ದ ಕಂಟ್ರಾಕ್ಟರ್ ಒಬ್ಬರಿದ್ದರು. ಸದಾ ಇಸ್ತ್ರಿ ಮಾಡಿದ ಬಿಳಿ ಶರ್ಟು, ಯಾರನ್ನು ಕಂಡರೂ ನಗು. ಪುರಸಭೆಯ ಮೆಟ್ಟಿಲ ಮೇಲೆ ಸಿಕ್ಕಿದಾಗ ಅವರು ಸಿಟ್ಟಾಗುತ್ತಾರೆಂದು ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿದ್ದೆ. ಅವರು ಕೈ ಮುಗಿದು, ಮಾಡಿ ತಂಗಿ, ಹೆಣ್ಣುಮಕ್ಕಳು ಮುಂದಕ್ಕೆ ಬರಬೇಕು ಎಂದರು. ಅಷ್ಟು ಸುಲಭವಾಗಿ ಒಬ್ಬ ಕಂಟ್ರಾಕ್ಟರ್ ಕೆಲಸ ಬಿಟ್ಟುಕೊಟ್ಟಿದ್ದನ್ನು ಕಂಡು ನನಗೆ ಆಶ್ಚರ್ಯವಾಯಿತು. ಅನುಮಾನ ಬರಬೇಕಿತ್ತು, ಬರಲಿಲ್ಲ.

ಉಳಿದ ಲೈನಿನ ಹೆಂಗಸರು ಸರದಿಯ ಮೇಲೆ ಒಂದೆರಡು ದಿನ ರಜೆ ಹಾಕಿ ಬರುವುದೆಂದಾಗಿತ್ತು. ಮುಂದೆ ನಿಂತು ಮಾಡಿಸಬೇಕಿದ್ದ ಅಕ್ಕ ಮಾತ್ರ ರೈಟರ್ ಹತ್ತಿರ ಒಂದು ತಿಂಗಳ ರಜೆ ಕೇಳಿದಳು. ತೋಟದಲ್ಲಿ ಗುಂಡಿ ತೆಗೆಸುವ ಕಾಲ ಅದು. ದಿನಾ ಕೆಲಸಕ್ಕೆ ಬಾ, ಇಲ್ಲ ಮನೆ ಖಾಲಿ ಮಾಡು ಎಂದನಂತೆ. ಅವಳು ಆ ದಿನ ಸಂಜೆಯೇ ಪಾತ್ರೆ ಗಂಟು ಕಟ್ಟಿದಳು. ನಮ್ಮ ಬೀದಿಯಲ್ಲೇ ಒಂದು ಮನೆಯ ಹಿಂಬದಿಯ ಕೋಣೆ ಬಾಡಿಗೆಗೆ ಸಿಕ್ಕಿತು. ಬೇಸಿಗೆ ರಜೆಗೆ ಮಗಳು ನೇರ ಆ ಕೋಣೆಗೇ ಬಂದಳು. ಮೊದಲ ದಿನ ಆ ಹುಡುಗಿ ಬೆಳಿಗ್ಗೆ ಎಂಟರವರೆಗೆ ಮಲಗಿತ್ತು. ಅಕ್ಕ ಅದನ್ನು ಬೀದಿಯವರಿಗೆಲ್ಲ ದೊಡ್ಡ ಸುದ್ದಿಯಂತೆ ಹೇಳಿಕೊಂಡು ಬಂದಳು.

ಕೆಲಸ ಶುರು ಮಾಡುವ ಮೊದಲು ನಾನು ಕಚೇರಿಗೆ ಹೋಗಿ ಎಲ್ಲ ಕೇಳಿದೆ. ಗುಮಾಸ್ತರು ಕಾರ್ಯಾದೇಶ ಕೈಗಿಟ್ಟು, ಕೆಲಸ ಪೂರ್ತಿ ಮುಗಿಸಿ ಬನ್ನಿ, ಆಮೇಲೆ ಇಂಜಿನಿಯರ್ ಬಂದು ಅಳತೆ ತೆಗೆಯುತ್ತಾರೆ, ಅಳತೆ ಪ್ರಕಾರ ಬಿಲ್ಲು ಎಂದರು. ಇಂಜಿನಿಯರಿಗೆ ಇನ್ನೊಂದು ಊರಿನ ಉಸ್ತುವಾರಿಯೂ ಇತ್ತು, ಅವರು ನಮ್ಮಲ್ಲಿಗೆ ಬರುವುದು ಅಪರೂಪ. ಆದೇಶದ ಹಾಳೆಯಲ್ಲಿ ಹೂಳು ತೆಗೆದು ಸಾಗಿಸತಕ್ಕದ್ದು ಎಂದಿತ್ತು. ನಾನು ಅದನ್ನು ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದೆ.

ಇಲ್ಲಿ ತೋಟದ ಕೆಲಸದ ಒಂದು ವಿಷಯ ಹೇಳಬೇಕು. ಕಾಫಿ ಗಿಡದ ಸಾಲುಗಳ ನಡುವೆ ನೀರು ಇಂಗಲೆಂದು ತೊಟ್ಟಿಲಿನ ಆಕಾರದ ಗುಂಡಿ ತೆಗೆದಿರುತ್ತಾರೆ. ಪ್ರತಿವರ್ಷ ಮಳೆಗೆ ಮುಂಚೆ ಅದರಲ್ಲಿ ತುಂಬಿದ ಮಣ್ಣನ್ನು ಎತ್ತಬೇಕು. ಎತ್ತಿದ ಮಣ್ಣನ್ನು ಗುಂಡಿಯ ಬಾಯಲ್ಲಿ ಬಿಡುವ ಹಾಗಿಲ್ಲ. ಆಗಿಂದಾಗಲೇ ಗಿಡದ ಬುಡಕ್ಕೆ ಹರಡಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಮತ್ತೆ ಗುಂಡಿಗೆ ಇಳಿಯುತ್ತದೆ. ಮಣ್ಣು ಗುಡ್ಡೆಯಾಗಿ ಬಿದ್ದಿದ್ದರೆ ಕೆಲಸ ಮುಗಿದಿಲ್ಲ ಎಂದೇ ಲೆಕ್ಕ, ಅಂಥವಳಿಗೆ ಅರ್ಧ ಹಾಜರಿ. ನಮ್ಮ ಲೈನಿನ ಹೆಂಗಸರೆಲ್ಲ ಇದೇ ಪಾಠದಲ್ಲಿ ಬೆಳೆದವರು. ಗುಡ್ಡೆ ಬಿಟ್ಟು ಹೋಗುವುದೆಂದರೆ ಎಂಜಲು ತಟ್ಟೆ ಬಿಟ್ಟು ಏಳುವಂಥ ನಾಚಿಕೆ ಅವರಿಗೆ.

ಹಾಗಾಗಿ ಚರಂಡಿಯಿಂದ ತೆಗೆದದ್ದನ್ನೂ ಅವರು ಬೀದಿಯಲ್ಲಿ ಬಿಡಲಿಲ್ಲ. ಬಾಟಲಿ, ಪ್ಲಾಸ್ಟಿಕ್ ಬೇರೆ ಮಾಡಿ ಪುರಸಭೆಯ ಕಸದ ಜಾಗಕ್ಕೆ ಹಾಕಿದೆವು. ಮೇಲಿನ ಬೀದಿಯ ಮರಳುಮಣ್ಣನ್ನು ಕಾಫಿ ಸಸಿ ಬೆಳೆಸುವ ನರ್ಸರಿಯವರು ಬುಟ್ಟಿ ಬುಟ್ಟಿ ಕೇಳಿ ಒಯ್ದರು. ಉಳಿದದ್ದನ್ನು ನಮ್ಮ ಟೆಂಪೋದಲ್ಲಿ ಹೇರಿ ಸರ್ಕಾರಿ ಶಾಲೆಯ ಆಟದ ಬಯಲಿಗೆ ಸುರಿದೆವು. ಅಲ್ಲಿ ಮಳೆಗಾಲದಲ್ಲಿ ಕೆರೆಯಂತೆ ನೀರು ನಿಲ್ಲುವ ಒಂದು ತಗ್ಗಿತ್ತು, ಅದು ಮುಚ್ಚಿಹೋಯಿತು. ಅಕ್ಕ ಮುಂದೆ ಮುಂದೆ ಸನಿಕೆ ಹಿಡಿದು ಹೋಗುತ್ತಿದ್ದಳು. ಅವಳು ದಾಟಿದ ಮೇಲೆ ಚರಂಡಿಯ ತಳದ ಕಲ್ಲು ಕಾಣುತ್ತಿತ್ತು. ನಮ್ಮ ಓಣಿಯ ಇಬ್ಬರು ಮುಖಕ್ಕೆ ದುಪ್ಪಟ್ಟಾ ಬಿಗಿದುಕೊಂಡು ಕೆಲಸ ಮಾಡಿದರು, ವಾಸನೆಗಲ್ಲ, ನೆಂಟರ ಕಣ್ಣಿಗೆ. ಕೊನೆಕೊನೆಗೆ ಅವರೂ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರು. ಆ ದಿನಗಳಲ್ಲಿ ನಾವು ಖುಷಿಯಾಗಿದ್ದೆವು. ಇದನ್ನು ಬರೆಯುವಾಗಲೂ ನನಗೆ ಅದು ಹೊಟ್ಟೆ ಉರಿಸುತ್ತದೆ.

ಕೆಲಸ ಮುಗಿದು ಒಂದು ವಾರ ಕಳೆದ ಮೇಲೆ ಇಂಜಿನಿಯರ್ ಬಂದರು. ಚಿಕ್ಕ ವಯಸ್ಸಿನ, ಮರ್ಯಾದೆಯ ಮನುಷ್ಯ. ಟೇಪು ಹಿಡಿಯಲು ಒಬ್ಬ ಜವಾನ ಜೊತೆಗಿದ್ದ. ಅಕ್ಕ ಆ ದಿನ ನಾನು ಹೊಲಿದ ಹೊಸ ರವಿಕೆ ಹಾಕಿಕೊಂಡು ಬಂದಿದ್ದಳು. ಹೆಂಗಸರೆಲ್ಲ ಹಿಂದೆ ಹಿಂದೆ. ಇಂಜಿನಿಯರ್ ಮೇಲಿನ ಬೀದಿಯಿಂದ ಕೆಳಗಿನ ಬೀದಿಯವರೆಗೆ ನಡೆದರು, ಚರಂಡಿಗೆ ಬಗ್ಗಿ ನೋಡಿದರು, ರಸ್ತೆಯ ಎರಡೂ ಬದಿ ನೋಡಿದರು. ಟೇಪು ಜವಾನನ ಕೈಯಲ್ಲಿ ಸುತ್ತಿದಂತೆಯೇ ಇತ್ತು.

"ತೆಗೆದ ಹೂಳು ಎಲ್ಲಿ?" ಎಂದು ಕೇಳಿದರು.

ಅಕ್ಕನ ಮುಖ ನೋಡಬೇಕಿತ್ತು. ಆ ಪ್ರಶ್ನೆಗೇ ಕಾದಿದ್ದವಳಂತೆ, "ಒಂದ್ ಹಿಡಿನೂ ಬುಟ್ಟಿಲ್ಲ ಸ್ವಾಮಿ, ಎಲ್ಲಾ ಸಾಗ್ಸಿ ಚೊಕ್ಕ ಮಾಡ್ಬುಟ್ಟಿವಿ, ನೋಡ್ಕಳಿ" ಎಂದಳು.

ಅವರು ಹಣೆ ಉಜ್ಜಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಅಳತೆ ಎಂದರೆ ಚರಂಡಿಯ ಅಳತೆಯಲ್ಲ, ಹೂಳಿನ ಅಳತೆ. ತೆಗೆದದ್ದನ್ನು ದಡದಲ್ಲಿ ಗುಡ್ಡೆ ಹಾಕಿರಬೇಕು. ಗುಡ್ಡೆಯ ಉದ್ದ, ಅಗಲ, ಎತ್ತರ ಅಳೆದು ಇಷ್ಟು ಘನಮೀಟರ್ ಎಂದು ಬರೆದ ಮೇಲೆ ಸಾಗಿಸಬೇಕು. ಗುಡ್ಡೆಯೇ ಇಲ್ಲದಿದ್ದರೆ ಯಾವುದನ್ನು ಅಳೆಯಲಿ? ಕಾಣದ್ದನ್ನು ಕಂಡೆ ಎಂದು ಬರೆದರೆ ನಾಳೆ ಆಡಿಟ್‌ನವರು ನನ್ನ ಕುತ್ತಿಗೆಗೆ ಬರುತ್ತಾರೆ ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಡುಬೀದಿಯಲ್ಲಿ ನಿಂತು ಬಾಯಿಗೆ ಬಂದದ್ದು ಅಂದೆ. ಚರಂಡಿ ಸ್ವಚ್ಛವಾಗಿದೆಯೋ ಇಲ್ಲವೋ ಹೇಳಿ ಎಂದೆ. ಸ್ವಚ್ಛವಾಗಿದೆ, ಇಷ್ಟು ಸ್ವಚ್ಛ ಯಾವತ್ತೂ ನೋಡಿಲ್ಲ ಎಂದು ಆ ಮನುಷ್ಯ ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದರಿಂದ ನಮಗೆ ಯಾವ ಪ್ರಯೋಜನವೂ ಆಗಲಿಲ್ಲ.

ಅಕ್ಕ ಮಾತ್ರ ಇನ್ನೂ ಕೈಬಿಟ್ಟಿರಲಿಲ್ಲ. ಶಾಲೆಯ ಬಯಲಿಗೆ ಬನ್ನಿ, ಅಲ್ಲಿ ಸುರಿದಿದ್ದೀವಿ, ಅಲ್ಲೇ ಅಳೆಯಿರಿ ಎಂದು ಕರೆದಳು. ಅವರು ಬಂದರು ಕೂಡ. ತಗ್ಗು ಮುಚ್ಚಿ ಸಪಾಟಾದ ನೆಲದ ಮೇಲೆ ಮಕ್ಕಳು ಆಗಲೇ ಕಬಡ್ಡಿಯ ಗೆರೆ ಹಾಕಿದ್ದರು. ತಗ್ಗು ಮೊದಲು ಎಷ್ಟು ಆಳವಿತ್ತು ಎಂಬುದಕ್ಕೆ ಆಧಾರವಿಲ್ಲ, ಮೇಲಾಗಿ ಶಾಲೆಯ ಜಾಗ ಬೇರೆ ಇಲಾಖೆಯದು ಎಂದರು ಇಂಜಿನಿಯರ್. ನರ್ಸರಿಗೂ ಹೋದೆವು. ನಮ್ಮ ಮಣ್ಣು ಸಾಲು ಸಾಲು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಕೂತು ಅದರೊಳಗೆ ಕಾಫಿ ಸಸಿ ಎರಡೆಲೆ ಬಿಟ್ಟಿತ್ತು. ಆ ತೊಟ್ಟೆಗಳ ಮುಂದೆ ನಿಂತು ನನಗೆ ನಗು ಬಂತು, ಅಳುವಿನ ಪಕ್ಕದ ನಗು.

ಮಾರನೇ ದಿನ ಕಂಟ್ರಾಕ್ಟರ್ ಟೀ ಅಂಗಡಿಯಲ್ಲಿ ಸಿಕ್ಕರು. ಗುಡ್ಡೆಯ ವಿಷಯ ನಿಮಗೆ ಗೊತ್ತಿತ್ತಲ್ಲವೇ, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಅವರ ಆಳುಗಳು ಪ್ರತಿವರ್ಷ ಹೂಳನ್ನು ದಡದಲ್ಲೇ ಪೇರಿಸಿಟ್ಟು, ಅಳತೆಯಾಗುವಷ್ಟರಲ್ಲಿ ಮಳೆ ಬಂದು, ಅರ್ಧ ಹೂಳು ಮತ್ತೆ ಚರಂಡಿಗೆ ಇಳಿದು ನಮ್ಮ ಮನೆಯೊಳಗೆ ಬರುತ್ತಿದ್ದುದು ನನಗೆ ಆಗ ಅರ್ಥವಾಗಿತ್ತು. ಅವರು ನಗುವುದನ್ನು ನಿಲ್ಲಿಸಲಿಲ್ಲ.

"ನೀವು ಕೇಳ್ಲಿಲ್ವಲ್ಲ ತಂಗಿ" ಎಂದರು.

ಏನನ್ನು ಕೇಳಬೇಕು ಎಂದು ಗೊತ್ತಿದ್ದವರು ಮಾತ್ರ ಕೇಳಬಲ್ಲರು. ಆ ಗೊತ್ತಿರುವಿಕೆ ಮೆಟ್ಟಿಲ ಮೇಲೆ, ಟೀ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಗಂಡಸರಿಂದ ಗಂಡಸರಿಗೆ ದಾಟುತ್ತದೆ. ನಮಗೆ ಕೊಟ್ಟದ್ದು ಹಾಳೆ ಮಾತ್ರ. ಹಾಳೆಯಲ್ಲಿ ಸಾಗಿಸತಕ್ಕದ್ದು ಎಂದಿತ್ತು, ನಾವು ಸಾಗಿಸಿದೆವು.

ಮುಖ್ಯಾಧಿಕಾರಿಗಳ ಬಾಗಿಲಿಗೆ ಎಷ್ಟು ಸಲ ಅಲೆದೆವೋ. ಅವರು ಕೂರಿಸಿ ಮಾತಾಡಿಸುತ್ತಿದ್ದರು, ಅಯ್ಯೋ ಪಾಪ ಎನ್ನುತ್ತಿದ್ದರು. ಕೊನೆಗೆ ಯಾವುದೋ ಬಾಬ್ತಿನಲ್ಲಿ ಸ್ವಲ್ಪ ಮಂಜೂರು ಮಾಡಿಸಿದರು. ಅದು ಹೆಂಗಸರ ಕೂಲಿಗೇ ಸಾಲಲಿಲ್ಲ. ಅಕ್ಕ ಎಲ್ಲವನ್ನೂ ಅವರಿಗೆ ಹಂಚಿ ಕೈ ಕೊಡವಿಕೊಂಡಳು. ಅಳತೆ ದಾಖಲಾಗದ ಕಾರಣ ಕಾಮಗಾರಿ ಪೂರ್ಣಗೊಂಡಿಲ್ಲ ಎಂದು ಕಡತದಲ್ಲಿ ಬಿತ್ತು. ಪೂರ್ಣಗೊಳಿಸದವರಿಗೆ ಮುಂದಿನ ವರ್ಷ ಅವಕಾಶವಿಲ್ಲ. ಇದನ್ನು ಹೇಳುವಾಗ ಗುಮಾಸ್ತರು ನನ್ನ ಮುಖ ನೋಡದೆ ಫ್ಯಾನಿನ ಸ್ವಿಚ್ಚಿನ ಕಡೆ ನೋಡಿದರು.

ಮಳೆ ಹಿಡಿಯಿತು. ಆ ವರ್ಷ ಆರಿದ್ರ ಮಳೆ ಹೊಡೆದ ಹೊಡೆತಕ್ಕೆ ಘಾಟಿಯ ಕಡೆ ರಸ್ತೆ ಕುಸಿದು ಲಾರಿಗಳು ಬಾಳ್ಳುಪೇಟೆಯವರೆಗೂ ಸಾಲುಗಟ್ಟಿ ನಿಂತಿದ್ದವು. ಆದರೆ ನಮ್ಮ ಕೆಳಗಿನ ಬೀದಿಗೆ ನೀರು ನುಗ್ಗಲಿಲ್ಲ. ಪ್ರತಿವರ್ಷ ಮಂಚದ ಮೇಲೆ ಏರಿಸುತ್ತಿದ್ದ ಅಕ್ಕಿ ಚೀಲವನ್ನು ಅತ್ತೆ ಆ ವರ್ಷ ಮುಟ್ಟಲಿಲ್ಲ. ಯಾಕೆ ನೀರು ಬರಲಿಲ್ಲ ಎಂದು ಬೀದಿಯಲ್ಲಿ ಒಬ್ಬರಾದರೂ ಕೇಳಬೇಕಲ್ಲ. ಬಂದ ನೀರನ್ನು ಜನ ಬೈಯುತ್ತಾರೆ, ಬಾರದ ನೀರನ್ನು ಯಾರೂ ನೆನೆಯುವುದಿಲ್ಲ.

ಅಕ್ಕ ಆ ಕೋಣೆಯನ್ನು ಉಳಿಸಿಕೊಳ್ಳಲು ಮಾಡದ ಪ್ರಯತ್ನವಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆದಳು, ಗದ್ದೆ ನಾಟಿಗೆ ಪಾಳ್ಯದ ಕಡೆ ಹೋಗಿ ಬಂದಳು. ಮಳೆ ಜಾಸ್ತಿಯಾಗಿ ಅದೂ ನಿಂತಿತು. ನಾನು ನಮ್ಮ ಮನೆಯಲ್ಲೇ ಇರು ಎಂದೆ. ಹಾಗೆಂದರೂ, ಇದ್ದ ಒಂದೂವರೆ ಕೋಣೆಯಲ್ಲಿ ನಮ್ಮ ಮನೆಯವರೇ ಮಗ್ಗುಲು ಬದಲಿಸಲು ಜಾಗವಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಹಾಸ್ಟೆಲ್ ಐತಲ್ಲ, ಮಗಳು ಅಲ್ಲೇ ಇರ್ತಾಳೆ ಎಂದು ಒಮ್ಮೆ ಹೇಳಿದಳು. ತಾನು ಎಲ್ಲಿರುತ್ತೇನೆ ಎಂದು ಹೇಳಲಿಲ್ಲ. ಹಳೆಯ ಎಸ್ಟೇಟಿಗೆ ಹೋಗಿ ಕೇಳಿದಾಗ, ಅವಳ ಲೈನ್ ಮನೆಯನ್ನು ಹೊರಗಿನಿಂದ ಬಂದ ಸಂಸಾರಕ್ಕೆ ಕೊಟ್ಟಾಗಿತ್ತು. ಬೇಕಾದರೆ ದಿನಗೂಲಿಗೆ ಹೊರಗಿನಿಂದ ಬಂದು ಹೋಗು ಎಂದನಂತೆ ರೈಟರ್. ಹೊರಗಿನಿಂದ ಎಂದರೆ ಎಲ್ಲಿಂದ?

ಶ್ರಾವಣದ ಹೊತ್ತಿಗೆ ಕೆ. ಹೊಸಕೋಟೆಯ ಆಚೆ ಒಂದು ಸಣ್ಣ ಎಸ್ಟೇಟಿನಲ್ಲಿ ಲೈನ್ ಮನೆ ಖಾಲಿ ಇದೆ ಎಂದು ಯಜಮಾನರೇ ಸುದ್ದಿ ತಂದರು. ಒಬ್ಬಂಟಿ ಹೆಂಗಸಿಗೆ ಮನೆ ಕೊಡುವುದಿಲ್ಲ, ಮನೆಗೊಂದು ಜೋಡಿಯಾದರೂ ಆಳು ಇರಬೇಕಂತೆ. ಅಕ್ಕ ಎರಡು ದಿನ ನಮ್ಮ ಮನೆ ಕಡೆ ಬರಲಿಲ್ಲ. ಮೂರನೆಯ ದಿನ ಬಂದು, ಟೆಂಪೋ ಬೇಕಿತ್ತು ಎಂದಳು. ಸ್ಕೂಲು ಎಂದು ನಾನು ಬಾಯಿ ತೆಗೆದೆ. ಪರೀಕ್ಷೆಗೆ ಆಮೇಲೆ ಪ್ರೈವೇಟಾಗಿ ಕಟ್ಟಿಸಬಹುದು ಕಣವ್ವ ಎಂದಳು. ಅದನ್ನು ಅವಳೂ ನಂಬಿರಲಿಲ್ಲ, ನಾನೂ ನಂಬಲಿಲ್ಲ.

ಟೆಂಪೋದ ಮುಂದಿನ ಸೀಟಿನಲ್ಲಿ ನಾವು ಮೂವರೂ ಒತ್ತಿಕೊಂಡು ಕೂತಿದ್ದೆವು. ಹುಡುಗಿ ಕಿಟಕಿಯ ಪಕ್ಕ. ದಾರಿಯುದ್ದಕ್ಕೂ ನಮ್ಮ ಯಜಮಾನರು, ಎಂದೂ ಮಾತಾಡದ ಮನುಷ್ಯ, ಅದೂ ಇದೂ ಮಾತಾಡುತ್ತಲೇ ಇದ್ದರು. ಎಸ್ಟೇಟ್ ಗೇಟು ದಾಟಿ ಸ್ಟೋರಿನ ಮುಂದೆ ನಿಲ್ಲಿಸಿದೆವು. ಜಿಟಿಜಿಟಿ ಮಳೆ. ಆ ಎಸ್ಟೇಟಿನ ರೈಟರ್ ಕೊಡೆ ಹಿಡಿದು ಬಂದ. ವಯಸ್ಸಾದವನು, ಒರಟನೇನಲ್ಲ. ಹಿಂದೆ ಕಟ್ಟಿದ್ದ ಗಂಟುಗಳನ್ನು ನೋಡಿದ, ನನ್ನನ್ನು ನೋಡಿದ, ಇವಳು ಪೇಟೆಯವಳೆಂದು ಬಿಟ್ಟುಬಿಟ್ಟ. ಆಮೇಲೆ ಅಕ್ಕನನ್ನು ಕೇಳಿದ.

"ನಿಮ್ಮನೆಯಿಂದ ಎಷ್ಟ್ ಆಳು?"

ಹುಡುಗಿ ಟೆಂಪೋದಿಂದ ಇಳಿದು ಅಮ್ಮನ ಪಕ್ಕದಲ್ಲಿ ನಿಂತಿತ್ತು. ಅಕ್ಕ ಅವಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ಎಲ್ಡು" ಎಂದಳು.

ರೈಟರ್ ಜೇಬಿನಿಂದ ಬೀಗದ ಕೈ ತೆಗೆದು ಹುಡುಗಿಯ ಕೈಗೆ ಕೊಟ್ಟ.